ದಾನ ಬೇಡ, ಮುಯ್ಯಾಳಾಗಿ ಬನ್ನಿ

ಕೊಪ್ಪಳ ಕಡೆಯ ಒಂದು ಹಳ್ಳಿ. ನಮ್ಮ ಬಳಗದ ಒಬ್ಬರ ತವರೂರು. ಅಲ್ಲಿ ಹತ್ತು-ಹನ್ನೆರಡು ಹೆಣ್ಣುಮಕ್ಕಳು ಸಂಘ ಕಟ್ಟಿಕೊಂಡು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಮಾಡಿ ಮಾರುತ್ತಾರೆ.

ಒಂದು ದಿನ ಬೆಂಗಳೂರಿನಿಂದ ಜಾಹೀರಾತು ಏಜೆನ್ಸಿಯೊಂದರ ಹುಡುಗರು ಗಾಡಿ ಮಾಡಿಕೊಂಡು ಬಂದರು. ಜೊತೆಗೆ ಕ್ಯಾಮೆರಾ, ಡ್ರೋನ್. 'ನಿಮ್ಮ ಸಂಘಕ್ಕೆ ಒಂದು ಜಾಹೀರಾತು ಮಾಡಿಕೊಡ್ತೀವಿ, ಒಂದು ರೂಪಾಯಿಯೂ ಬೇಡ, ಇದು ನಮ್ಮ ಸೇವೆ' ಅಂದರು. ಹೆಣ್ಣುಮಕ್ಕಳು ಖುಷಿಯಾಗಿ ಎರಡು ದಿನ ಕೆಲಸ ಬಿಟ್ಟು, ಇಳಕಲ್ ಸೀರೆ ಉಟ್ಟು, ಅವರು ಹೇಳಿದ ಕಡೆ ಕೂತು, ನಿಂತು, ನಡೆದರು. ಬಂದವರಿಗೆ ಊಟವನ್ನೂ ಹಾಕಿದರು.

ಕೆಲವು ತಿಂಗಳ ಮೇಲೆ ವಾಟ್ಸಾಪ್‌ನಲ್ಲಿ ವಿಡಿಯೋ ಬಂತು. ಎಲ್ಲರೂ ಒಂದೇ ಫೋನಿನ ಸುತ್ತ ಕೂತು ನೋಡಿದರು. ಬಿರುಕು ಬಿಟ್ಟ ನೆಲ, ಮಂದವಾದ ಕೊಳಲಿನ ಸದ್ದು, ಸುಕ್ಕುಗಟ್ಟಿದ ಕೈಗಳು. ಒಲೆಯ ಮುಂದೆ ಕೂತ ಅಜ್ಜಿ ಬೆವರು ಒರೆಸಿಕೊಂಡಿದ್ದು ಕಣ್ಣೀರು ಒರೆಸಿಕೊಂಡ ಹಾಗೆ ಕಾಣುತ್ತಿತ್ತು. ಕೊನೆಗೆ ಇಂಗ್ಲಿಷಿನಲ್ಲಿ ಎರಡು ಸಾಲು, ಅದರ ಕೆಳಗೆ ಏಜೆನ್ಸಿಯ ಹೆಸರು. ಎರಡು ನಿಮಿಷಕ್ಕೆ ಮುಗಿಯಿತು.

ಸಂಘದ ಲೆಕ್ಕ ಬರೆಯುವ ಅಕ್ಕ ಕೇಳಿದಳು: "ಇದರಾಗ ನಮ್ಮ ಫೋನ್ ನಂಬರ ಎಲ್ಲೈತಿ?"

ಇರಲಿಲ್ಲ. ಊರ ಹೆಸರು ಇರಲಿಲ್ಲ. ರೊಟ್ಟಿಯ ಬೆಲೆ ಇರಲಿಲ್ಲ. ಎಲ್ಲಿ ಸಿಗುತ್ತದೆ ಅನ್ನೋದೂ ಇರಲಿಲ್ಲ.

ಅಜ್ಜಿ ಅಂದದ್ದು ಇನ್ನೂ ನಮ್ಮ ಕಿವಿಯಲ್ಲಿದೆ: "ಯವ್ವಾ, ನಾವು ರೊಟ್ಟಿ ಮಾರಾಕ ಕುಂತೀವಿ. ಅಳಾಕ ಅಲ್ಲ."

ಈ ಬರಹ ಶುರುವಾದದ್ದು ಅಜ್ಜಿಯ ಆ ಮಾತಿನಿಂದ.

ಏನಿದು ಪುಕ್ಕಟೆ ಕೆಲಸ?

ಜಾಹೀರಾತು ಏಜೆನ್ಸಿ ಅಂದರೆ ಕಂಪನಿಗಳ ಪರವಾಗಿ ಜಾಹೀರಾತು ಯೋಚಿಸಿ, ಬರೆದು, ಚಿತ್ರ ಮಾಡಿಸಿ ಕೊಡುವ ಕಚೇರಿ. ಸೋಪು, ಸಿಮೆಂಟು, ಗೊಬ್ಬರ, ಬೈಕು, ಬಂಗಾರ, ಎಲ್ಲದರ ಹಿಂದೆಯೂ ಇವರಿದ್ದಾರೆ. ಇವರಲ್ಲಿ ಹಲವರು ವರ್ಷಕ್ಕೆ ಒಂದಿಷ್ಟು ಕೆಲಸವನ್ನು ದುಡ್ಡು ತೆಗೆದುಕೊಳ್ಳದೆ ಮಾಡುತ್ತಾರೆ. ಆಸ್ಪತ್ರೆಗೆ, ಅನಾಥಾಶ್ರಮಕ್ಕೆ, ಸೇವಾ ಸಂಸ್ಥೆಗೆ ಜಾಹೀರಾತು ಮಾಡಿಕೊಡುತ್ತಾರೆ. ಇದಕ್ಕೆ 'ಪ್ರೊ ಬೊನೊ' ಅಂತಾರೆ. ಲ್ಯಾಟಿನ್ ಮಾತು, ಪೂರ್ತಿ ಹೇಳಿದರೆ 'ಸಾರ್ವಜನಿಕರ ಒಳಿತಿಗಾಗಿ' ಅಂತ ಅರ್ಥ. ಇನ್ನು ಕೆಲವರು ಸ್ವಯಂಸೇವೆ ಅಂತ ಒಂದು ದಿನ ಆಫೀಸಿನವರೆಲ್ಲ ಹಳ್ಳಿಗೆ ಬಂದು ಹೋಗುತ್ತಾರೆ. 'ಸಮಾಜಕ್ಕೆ ಮರಳಿ ಕೊಡುವುದು' ಅಂತ ಅದಕ್ಕೆ ಹೆಸರು.

ಒಳ್ಳೆಯ ಕೆಲಸವೇ. ಬೇಡ ಅನ್ನುವವರು ನಾವಲ್ಲ. 'ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ' ಅನ್ನೋ ಗಾದೆ ನಮಗೂ ಗೊತ್ತು. ಪುಕ್ಕಟೆ ಕೊಟ್ಟದ್ದನ್ನು ಅಳೆಯಬಾರದು ಅಂತ ಹಿರಿಯರು ಹೇಳುತ್ತಾರೆ.

ಆದರೆ ನಮ್ಮ ಮಾತು ಇಷ್ಟೇ: ಇದು ಧರ್ಮಕ್ಕೆ ಕೊಟ್ಟ ದಟ್ಟಿ ಅಲ್ಲ. ಹಾಗಾಗಿ ಮೊಳ ಹಾಕಿ ನೋಡಬಹುದು, ನೋಡಬೇಕು.

ಯಾಕೆ ಅಂತ ಹೇಳುತ್ತೇವೆ. ಹಳ್ಳಿಯ ಗೋಡೆಗಳ ಮೇಲೆ ಎಷ್ಟು ವರ್ಷ ಜಾಹೀರಾತು ಬರೆಸಿದ್ದಾರೆ ನೆನಪು ಮಾಡಿಕೊಳ್ಳಿ. ಎಷ್ಟೋ ಮನೆಯವರಿಗೆ ಬಾಡಿಗೆ ಅಂತ ಏನೂ ಸಿಕ್ಕಿಲ್ಲ. ಗೋಡೆಗೆ ಸುಣ್ಣ ಬಣ್ಣ ಆಯಿತಲ್ಲ ಅಂತ ಸುಮ್ಮನಾದರು. ಬಾಟಲಿ ಶಾಂಪೂ ಕೊಳ್ಳಲಾಗದ ನಮಗೆ ಒಂದು ರೂಪಾಯಿಯ ಪೊಟ್ಟಣ ತೋರಿಸಿ ಮಾರಿದರು. ಮುಖ ಬೆಳ್ಳಗಾಗುವ ಕ್ರೀಮು ಹಚ್ಚಿಕೊಳ್ಳದಿದ್ದರೆ ಗಂಡು ಸಿಗುವುದಿಲ್ಲ ಅಂತ ನಮ್ಮ ಹೆಣ್ಣುಮಕ್ಕಳಿಗೆ ಟಿವಿಯಲ್ಲಿ ಹೇಳಿದರು. ಗುಟ್ಕಾ, ಪಾನ್ ಮಸಾಲಾ ಹೆಸರನ್ನು ಏಲಕ್ಕಿ ಅಂತ ತೋರಿಸಿ ಸಿನಿಮಾ ನಟರಿಂದ ಹೇಳಿಸಿದರು. ಇದೆಲ್ಲದರ ಲಾಭದಲ್ಲಿ ಏಜೆನ್ಸಿಯ ಪಾಲೂ ಇದೆ. ನಮ್ಮಿಂದ ಅಷ್ಟು ಪಡೆದವರು ಈಗ ಒಂದಿಷ್ಟು ತಿರುಗಿ ಕೊಡುತ್ತೇವೆ ಅಂದರೆ ಅದು ದಾನವಲ್ಲ, ಮುಯ್ಯಿ.

ಮುಯ್ಯಾಳು ಪದ್ಧತಿ ನಿಮಗೆ ಹೇಳಿಕೊಡಬೇಕಿಲ್ಲ. ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಕೂಲಿ ಇಲ್ಲ. ಆದರೆ ಲೆಕ್ಕ ಇದೆ. ಅದಕ್ಕೆ ಬರೆಯದ ಕೆಲವು ಕಟ್ಟಳೆಗಳೂ ಇವೆ. ಜಾಹೀರಾತಿನವರು ನಮ್ಮೂರಿಗೆ ಬರುವುದಾದರೆ ಅದೇ ಕಟ್ಟಳೆಗೆ ಬರಲಿ ಅನ್ನೋದು ನಮ್ಮ ವಾದ. ಒಂದೊಂದಾಗಿ ನೋಡೋಣ.

ಒಂದು: ಯಾವ ಕೆಲಸ ಅಂತ ಹೇಳೋದು ಹೊಲದವರು

ಮುಯ್ಯಾಳಾಗಿ ಬಂದವರು 'ನಾನು ಇವತ್ತು ಕಳೆ ತೆಗೆಯಲ್ಲ, ಬದುವಿನ ಮೇಲೆ ಹೂವಿನ ಗಿಡ ನೆಡ್ತೀನಿ' ಅನ್ನೋ ಹಾಗಿಲ್ಲ. ಹೊಲಕ್ಕೆ ಏನು ಬೇಕೋ ಅದನ್ನು ಮಾಡಬೇಕು.

ಇಲ್ಲೊಂದು ಅಮೆರಿಕದ ಕತೆ ಹೇಳಲೇಬೇಕು. ಪುಕ್ಕಟೆ ಜಾಹೀರಾತು ಅನ್ನೋದನ್ನು ದೊಡ್ಡ ಮಟ್ಟದಲ್ಲಿ ವ್ಯವಸ್ಥೆಯಾಗಿ ಮಾಡಿದ್ದು ಆ ದೇಶ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರಲ್ಲಿ, ಅಲ್ಲಿನ ಏಜೆನ್ಸಿಗಳು, ಪತ್ರಿಕೆಗಳು, ರೇಡಿಯೋದವರು ಸೇರಿ ಒಂದು ಮಂಡಳಿ ಮಾಡಿಕೊಂಡರು. ಈಗ ಅದರ ಹೆಸರು ಆ್ಯಡ್ ಕೌನ್ಸಿಲ್. ಏಜೆನ್ಸಿ ಪುಕ್ಕಟೆ ಜಾಹೀರಾತು ಮಾಡಿಕೊಡುತ್ತದೆ, ಪತ್ರಿಕೆ-ಟಿವಿಯವರು ಪುಕ್ಕಟೆ ಜಾಗ ಕೊಡುತ್ತಾರೆ. ಕಾಡಿನ ಬೆಂಕಿ ತಡೆಯಲು 1944ರಲ್ಲಿ ಅವರು ಹುಟ್ಟಿಸಿದ ಕರಡಿ, ಸ್ಮೋಕಿ ಬೇರ್, ಇವತ್ತಿಗೂ ಅಲ್ಲಿನ ಮಕ್ಕಳಿಗೆ ಗೊತ್ತು.

ಅದೇ ಮಂಡಳಿಯ ಜೊತೆ ಸೇರಿ 1971ರಲ್ಲಿ 'ಕೀಪ್ ಅಮೆರಿಕ ಬ್ಯೂಟಿಫುಲ್' ಅನ್ನೋ ಸಂಸ್ಥೆಗೆ ಒಂದು ಜಾಹೀರಾತು ಬಂತು. ಅಲ್ಲಿನ ಮೂಲನಿವಾಸಿ ವೇಷದ ಒಬ್ಬ ವ್ಯಕ್ತಿ ದೋಣಿಯಲ್ಲಿ ಬರುತ್ತಾನೆ. ನದಿ ತುಂಬ ಕಸ. ರಸ್ತೆ ಬದಿ ನಿಂತಾಗ ಕಾರಿನಲ್ಲಿ ಹೋಗುವ ಯಾರೋ ಕಸದ ಚೀಲ ಅವನ ಕಾಲ ಬಳಿ ಎಸೆಯುತ್ತಾರೆ. ಅವನ ಕಣ್ಣಿಂದ ಒಂದು ಹನಿ ಜಾರುತ್ತದೆ. ಮಾಲಿನ್ಯ ಮಾಡುವವರೂ ಜನರೇ, ನಿಲ್ಲಿಸಬಲ್ಲವರೂ ಜನರೇ ಅನ್ನುತ್ತದೆ ಜಾಹೀರಾತು. ದೇಶವೇ ಮರುಗಿತು. ಬಹುಮಾನಗಳು ಬಂದವು.

ಆದರೆ ಆ ಸಂಸ್ಥೆಯನ್ನು 1953ರಲ್ಲಿ ಕಟ್ಟಿದವರಲ್ಲಿ ಡಬ್ಬಿ, ಬಾಟಲಿ, ಪ್ಯಾಕಿಂಗ್ ಕಂಪನಿಗಳೇ ಮುಂದಿದ್ದವು. ಗಾಜಿನ ಬಾಟಲಿ ವಾಪಸ್ ಪಡೆದು ಮತ್ತೆ ತುಂಬಿಸುವ ಪದ್ಧತಿ ಬಿಟ್ಟು ಎಸೆಯುವ ಡಬ್ಬಿ ತಂದವರು ಕಂಪನಿಗಳು. ತಪ್ಪು ಮಾತ್ರ ಎಸೆದವನ ತಲೆಗೆ ಬಂತು. ಅತ್ತ ಮೂಲನಿವಾಸಿ ನಿಜಕ್ಕೂ ಮೂಲನಿವಾಸಿಯಲ್ಲ. ಆ ನಟನ ಮನೆತನ ಇಟಲಿಯದು. ಐವತ್ತು ವರ್ಷ ಆದಮೇಲೆ, 2023ರಲ್ಲಿ, ಆ ಜಾಹೀರಾತಿನ ಹಕ್ಕನ್ನು ಮೂಲನಿವಾಸಿಗಳ ಒಂದು ರಾಷ್ಟ್ರೀಯ ಸಂಘಟನೆಯ ನಿಧಿಗೆ ಒಪ್ಪಿಸಲಾಯಿತು. ಇನ್ನು ಅದನ್ನು ಬಳಸದೆ ಮೂಲೆಗಿಡಬೇಕು ಅನ್ನೋದೇ ಅವರ ಉದ್ದೇಶವಾಗಿತ್ತು.

ದೂರದ ಕತೆ ಅನ್ನಿಸಬಹುದು. ನಮ್ಮ ಊರ ಚರಂಡಿ ನೋಡಿ. ತುಂಬಿರುವುದು ಶಾಂಪೂ ಪೊಟ್ಟಣ, ಪಾನ್ ಮಸಾಲಾ ಪೊಟ್ಟಣ, ಕುರುಕಲು ತಿಂಡಿಯ ಹೊಳೆಯುವ ಕವರು. ನಾವು ಸಣ್ಣವರಿದ್ದಾಗ ಸೋಡಾ ಬಾಟಲಿ ಅಂಗಡಿಗೆ ವಾಪಸ್ ಕೊಟ್ಟರೆ ದುಡ್ಡು ಬರುತ್ತಿತ್ತು. ಬಾಟಲಿ ಚರಂಡಿಯಲ್ಲಿ ಬಿದ್ದಿದ್ದನ್ನು ನೋಡಿದ ನೆನಪಿಲ್ಲ. ಈಗ ಯಾರಾದರೂ ಬಂದು 'ಹಳ್ಳಿಗರೇ, ಕಸ ಎಸೆಯಬೇಡಿ' ಅಂತ ಪುಕ್ಕಟೆ ಬೋರ್ಡು ಬರೆದುಕೊಟ್ಟರೆ ನಾವು ಕೇಳಬೇಕಾದ ಪ್ರಶ್ನೆ ಒಂದೇ: 'ಆಯ್ತು ಸ್ವಾಮಿ, ಎಸೆಯಲ್ಲ. ಈ ಪೊಟ್ಟಣ ವಾಪಸ್ ತಗೊಳ್ಳಿ ಅಂತ ಕಂಪನಿಗೂ ಒಂದು ಬೋರ್ಡು ಬರೀತೀರಾ?'

ಜಾಹೀರಾತು ಪುಕ್ಕಟೆ ಅಂದ ಮಾತ್ರಕ್ಕೆ ಅದರೊಳಗಿನ ಮಾತು ನಮ್ಮದಾಗುವುದಿಲ್ಲ.

ಎರಡು: ನಿಮ್ಮ ಕುಡುಗೋಲು ನೀವೇ ತನ್ನಿ

ಮುಯ್ಯಾಳು ಬರಿಗೈಲಿ ಬರುವುದಿಲ್ಲ. ತನಗೆ ಒಗ್ಗಿದ ಕುಡುಗೋಲು ತರುತ್ತಾನೆ.

ನಮ್ಮ ದೇಶದಲ್ಲಿ 2009ರಲ್ಲಿ ಶುರುವಾದ 'ದಾನ ಉತ್ಸವ' ಈಗ ಅಕ್ಟೋಬರ್ 2ರಿಂದ 8ರವರೆಗೆ ನಡೆಯುತ್ತದೆ. ಆ ವಾರವಿರಲಿ, ಬೇರೆ ದಿನವಿರಲಿ, ಕಂಪನಿಯವರು ಬಸ್ಸು ಮಾಡಿಕೊಂಡು ಬಂದು ಶಾಲೆಯ ಗೋಡೆಗೆ ಬಣ್ಣ ಹಚ್ಚುವುದನ್ನು ನೀವೂ ನೋಡಿರುತ್ತೀರಿ. ಒಂದೇ ಬಣ್ಣದ ಟೀ ಶರ್ಟು, ಟೋಪಿ, ಕುಡಿಯುವ ನೀರಿನ ಬಾಟಲಿ. ಒಂದು ಗೋಡೆ, ನಲವತ್ತು ಜನ. ಸಂಜೆ ಫೋಟೋ.

ಆ ಹುಡುಗರ ಮನಸ್ಸಿನ ಬಗ್ಗೆ ನಮಗೆ ಅನುಮಾನ ಇಲ್ಲ. ಆದರೆ ಬಣ್ಣ ಹಚ್ಚಲು ನಮ್ಮೂರಲ್ಲೇ ಪೇಂಟರ್ ಇದ್ದಾನೆ. ಫ್ಲೆಕ್ಸ್ ಬಂದ ಮೇಲೆ ಅವನಿಗೆ ಕೆಲಸ ಕಡಿಮೆ. ಆ ಬಸ್ಸಿನ ಬಾಡಿಗೆ ಅವನ ಕೈಗೆ ಕೊಟ್ಟಿದ್ದರೆ ಗೋಡೆಯೂ ಚೆಂದ ಆಗುತ್ತಿತ್ತು, ಅವನ ಮನೆಯ ಒಲೆಯೂ ಉರಿಯುತ್ತಿತ್ತು.

ಜಾಹೀರಾತಿನವರ ಕುಡುಗೋಲು ಬಣ್ಣದ ಕುಂಚ ಅಲ್ಲ, ಮಾತು. ಹತ್ತು ಪುಟದ ವಿಷಯವನ್ನು ಒಂದು ಸಾಲಿಗೆ ಇಳಿಸುವ ವಿದ್ಯೆ ಅವರಿಗಿದೆ. ಅದು ನಮ್ಮಲ್ಲಿ ಇಲ್ಲ. ಗ್ರಾಮ ಪಂಚಾಯಿತಿಯ ನೋಟಿಸು ಓದಿ ನೋಡಿ. ಉದ್ಯೋಗ ಖಾತ್ರಿಗೆ ಅರ್ಜಿ ಹಾಕುವುದು ಹೇಗೆ, ಬೆಳೆ ವಿಮೆಗೆ ಯಾವ ಕಾಗದ ಬೇಕು, ಬೆಳೆ ಹಾಳಾದರೆ ಎಷ್ಟು ದಿನದೊಳಗೆ ಯಾರಿಗೆ ತಿಳಿಸಬೇಕು, ಒಂದಾದರೂ ಒಂದೇ ಓದಿಗೆ ಅರ್ಥ ಆಗುತ್ತದೆಯೇ? ಅದನ್ನು ಹತ್ತು ಸಾಲಿನ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಚಾವಡಿಯ ಗೋಡೆಗೆ ಬರೆಯುವಂತೆ ಮಾಡಿಕೊಟ್ಟರೆ ಅದಕ್ಕಿಂತ ದೊಡ್ಡ ಸೇವೆ ಇಲ್ಲ.

ಆದರೆ ಅದು ಕನ್ನಡದಲ್ಲಿ ಆಗಬೇಕು. ಅನುವಾದದ ಕನ್ನಡದಲ್ಲಿ ಅಲ್ಲ. ಸಿನಿಮಾ ಶುರುವಾಗುವ ಮುಂಚೆ ಬರುವ ತಂಬಾಕಿನ ಜಾಹೀರಾತು ನೆನಪಿದೆಯಲ್ಲ? ನಗರಕ್ಕೆ ಏನಾಗಿದೆ ಅಂತ ಕೇಳುವ ಆ ದನಿಯನ್ನು ನಮ್ಮ ಹುಡುಗರು ಅಣಕ ಮಾಡಿ ನಗುತ್ತಾರೆ. ವಿಷಯ ನಗುವಂಥದ್ದಲ್ಲ. ಹಿಂದಿಯಲ್ಲಿ ಯೋಚಿಸಿ, ಹಿಂದಿಯಲ್ಲಿ ತೆಗೆದು, ಮೇಲೆ ಕನ್ನಡ ಅಂಟಿಸಿದ್ದರಿಂದ ನಗು ಬರುತ್ತದೆ. ತುಟಿಗೂ ಮಾತಿಗೂ ಕೂಡುವುದಿಲ್ಲ. ನಗರದ ಮಾತು ಕೇಳಿದವರು ಹಳ್ಳಿಗೆ ಏನಾಗಿದೆ ಅಂತ ಕೇಳಲೂ ಇಲ್ಲ.

ಬೇರೆ ರೀತಿ ಆಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. 1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ ಮೊದಲ ಸಲ ಬಂದ 'ಮಿಲೇ ಸುರ್ ಮೇರಾ ತುಮ್ಹಾರಾ' ನಮ್ಮ ಅಪ್ಪ-ಅಮ್ಮನ ತಲೆಮಾರಿಗೆ ಬಾಯಿಪಾಠ. ಅದನ್ನು ಲೋಕ ಸೇವಾ ಸಂಚಾರ ಪರಿಷತ್ ಅನ್ನೋ ಸಂಸ್ಥೆಗಾಗಿ ಮಾಡಿದವರು ಜಾಹೀರಾತಿನ ಜನ. ಓಗಿಲ್ವಿ ಏಜೆನ್ಸಿಯ ಸುರೇಶ್ ಮಲ್ಲಿಕ್ ಯೋಚಿಸಿದರು, ಆಗಿನ್ನೂ ಹೊಸಬರಾಗಿದ್ದ ಪೀಯೂಷ್ ಪಾಂಡೆ ಹಿಂದಿ ಸಾಲು ಬರೆದರು. ಅದರಲ್ಲಿ ಸೋಪಿಲ್ಲ, ಪೇಸ್ಟಿಲ್ಲ. ಗದಗ ಸೀಮೆಯ ಭೀಮಸೇನ ಜೋಶಿಯವರ ದನಿಯಿಂದ ಅದು ಶುರುವಾಗುತ್ತದೆ. ಮುಖ್ಯವಾದ ಸಂಗತಿ ಏನೆಂದರೆ, ಹಿಂದಿಯಲ್ಲಿ ಮಾಡಿ ಉಳಿದವರಿಗೆ ಡಬ್ ಮಾಡಲಿಲ್ಲ. ಕನ್ನಡ ಬಂದಾಗ ಕನ್ನಡ, ತಮಿಳು ಬಂದಾಗ ತಮಿಳು. ಅವರವರ ನೆಲದಲ್ಲಿ ಅವರವರ ಮಾತು. ಅದಕ್ಕೇ ಅದು ಎಲ್ಲರದೂ ಆಯಿತು.

ಮೂರು: ಸಾಲು ಮುಗಿಯುವ ತನಕ ಇರಿ

ಅರ್ಧ ಸಾಲು ಕೊಯ್ದು 'ಬಿಸಿಲು ಜಾಸ್ತಿ ಆಯ್ತು' ಅಂತ ಹೋಗುವವನನ್ನು ಯಾರೂ ಎರಡನೇ ಸಲ ಕರೆಯುವುದಿಲ್ಲ.

ಪೋಲಿಯೋ ಕೆಲಸ ನೋಡಿ. 'ದೋ ಬೂಂದ್ ಜಿಂದಗಿ ಕೀ', ಎರಡು ಹನಿ ಬದುಕಿಗಾಗಿ ಅನ್ನೋ ಆ ಮಾತು ಓಗಿಲ್ವಿಯಿಂದ, ಅದೇ ಪೀಯೂಷ್ ಪಾಂಡೆಯವರ ಬಳಗದಿಂದ ಬಂತು. ಅಮಿತಾಭ್ ಬಚ್ಚನ್ ಟಿವಿಯಲ್ಲಿ ಬಂದು ಮೊದಲು ಕೇಳಿಕೊಂಡರು, ಆಮೇಲೆ ಸಿಟ್ಟಿನಲ್ಲಿ ಗದರಿದರು. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬೂತಿಗೆ ಬಂದರು. ಜಾಹೀರಾತಿನ ಶಕ್ತಿ ಅಂದರೆ ಅದು.

ಆದರೆ ಅದರಿಂದಲೇ ಪೋಲಿಯೋ ಹೋಯಿತು ಅಂದರೆ ಸುಳ್ಳಾಗುತ್ತದೆ. 2009ರಲ್ಲಿ ನಮ್ಮ ದೇಶದಲ್ಲಿ 741 ಪೋಲಿಯೋ ಪ್ರಕರಣ ಇದ್ದವು, ಜಗತ್ತಿನಲ್ಲೇ ಅತಿ ಹೆಚ್ಚು. ಉತ್ತರ ಪ್ರದೇಶ, ಬಿಹಾರದ ಕೆಲವು ಕಡೆ 'ಈ ಹನಿ ಹಾಕಿಸಿದರೆ ಮಕ್ಕಳಾಗುವುದಿಲ್ಲ' ಅನ್ನೋ ಗಾಳಿಮಾತು ಹಬ್ಬಿತ್ತು. ಟಿವಿಯ ಬಚ್ಚನ್ ಆ ಬಾಗಿಲು ತೆರೆಸಲು ಆಗಲಿಲ್ಲ. ತೆರೆಸಿದವರು ಅದೇ ಓಣಿಯ ಹೆಣ್ಣುಮಕ್ಕಳು, ಮಸೀದಿಯ ಹಿರಿಯರು, ಮತ್ತೆ ಮತ್ತೆ ಮನೆಗೆ ಹೋದ ಕಾರ್ಯಕರ್ತೆಯರು. ಬಾಗಿಲ ಮೇಲೆ ಗುರುತು ಬರೆದು, ಬಿಟ್ಟು ಹೋದ ಮಗುವನ್ನು ಹುಡುಕಿಕೊಂಡು ಮರುದಿನ ಹೋದರು. ನಮ್ಮೂರಲ್ಲಿ ಅಂಗನವಾಡಿ ಅಕ್ಕ, ಆಶಾ ಅಕ್ಕ ಮಗುವಿನ ಕಿರುಬೆರಳಿಗೆ ಮಸಿ ಹಚ್ಚಿ ಗೋಡೆಗೆ ಬರೆದುಹೋದದ್ದು ಇದೇ ಲೆಕ್ಕ. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾದಲ್ಲಿ ಕೊನೆಯ ಪ್ರಕರಣ. 2014ರ ಮಾರ್ಚ್ 27ಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರ.

ಒಂದು ಸಾಲಿನ ಮಾತು ಬೇಕು. ಆ ಸಾಲನ್ನು ಹೊತ್ತುಕೊಂಡು ಬಾಗಿಲಿಗೆ ಹೋಗುವ ಕಾಲೂ ಬೇಕು.

'ಬೆಲ್ ಬಜಾವೋ' ಕೂಡ ಇದನ್ನೇ ಹೇಳುತ್ತದೆ. 2008ರಲ್ಲಿ ಬ್ರೇಕ್‌ಥ್ರೂ ಅನ್ನೋ ಸಂಸ್ಥೆಗೆ ಓಗಿಲ್ವಿಯವರು ದುಡ್ಡಿಲ್ಲದೆ ಮಾಡಿಕೊಟ್ಟ ಜಾಹೀರಾತುಗಳು. ಪಕ್ಕದ ಮನೆಯಲ್ಲಿ ಗಂಡ ಹೆಂಡತಿಯನ್ನು ಹೊಡೆಯುವ ಸದ್ದು ಕೇಳಿದರೆ ಏನಾದರೂ ನೆಪ ಹೇಳಿ ಬಾಗಿಲ ಬೆಲ್ ಒತ್ತಿ ಅಂತ ಗಂಡಸರಿಗೆ ಹೇಳುವ ಜಾಹೀರಾತು. ಹೊಡೆತ ನಿಲ್ಲುತ್ತದೆ. ಸಣ್ಣ ಉಪಾಯ, ದೊಡ್ಡ ಮಾತು.

ನಮ್ಮ ಹಳ್ಳಿಯ ಎಷ್ಟು ಮನೆಗೆ ಬೆಲ್ ಇದೆ? ಚಿಲಕ ಬಡಿಯಬೇಕು. ಬಡಿದರೆ 'ನಮ್ಮ ಮನಿ ಮಾತು, ನಿನಗ್ಯಾಕ' ಅಂತ ಕೇಳುತ್ತಾರೆ. ಆಗೇನು ಮಾಡಬೇಕು? ಟಿವಿಯ ಮೂವತ್ತು ಸೆಕೆಂಡಿನಲ್ಲಿ ಇದಕ್ಕೆ ಉತ್ತರ ಇಲ್ಲ. ಆ ಸಂಸ್ಥೆಯವರು ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಲ್ಲಿ ವಿಡಿಯೋ ವ್ಯಾನು ತಿರುಗಿಸಿ, ಊರ ನಡುವೆ ನಿಲ್ಲಿಸಿ, ಜನರ ಜೊತೆ ಮಾತಾಡಿದರು. ನಮಗೆ ಬೆಲೆ ಇರುವುದು ಆ ಮಾತುಕತೆಗೆ. ಜಾಹೀರಾತು ಅದಕ್ಕೆ ಕರೆ ಅಷ್ಟೇ.

ನಾಲ್ಕು: ರಾಶಿ ಹೊಲದವರ ಕಣಕ್ಕೆ

ಕೊಯ್ದ ಜೋಳ ಯಾರ ಕಣಕ್ಕೆ ಹೋಗಬೇಕು? ಹೊಲದವರ ಕಣಕ್ಕೆ. ಮುಯ್ಯಾಳು ತನ್ನ ಮನೆಗೆ ಹೊತ್ತುಕೊಂಡು ಹೋದರೆ ಅದಕ್ಕೆ ಬೇರೆ ಹೆಸರಿದೆ.

ಜಾಹೀರಾತಿನವರ ರಾಶಿ ಅಂದರೆ ಪ್ರಶಸ್ತಿ. ಫ್ರಾನ್ಸಿನ ಕಾನ್ ಅನ್ನೋ ಊರಲ್ಲಿ ಪ್ರತಿ ವರ್ಷ ಅವರ ದೊಡ್ಡ ಜಾತ್ರೆ. ಸಿಂಹದ ಬೊಂಬೆ ಬಹುಮಾನ. ಬಡವರ, ರೋಗಿಗಳ, ನಿರಾಶ್ರಿತರ ಪರವಾಗಿ ಮಾಡಿದ ಜಾಹೀರಾತುಗಳಿಗೆ ಅಲ್ಲಿ ಬಹುಮಾನ ಸುಲಭವಾಗಿ ಬರುತ್ತದೆ ಅಂತ ಆ ಲೋಕದವರೇ ಮಾತಾಡಿಕೊಳ್ಳುತ್ತಾರೆ. ಬೆಲ್ ಬಜಾವೋಗೂ 2010ರಲ್ಲಿ ಬೆಳ್ಳಿ ಸಿಂಹ ಬಂತು. ಕೆಲಸ ಮಾಡಿ ಬಹುಮಾನ ಪಡೆದರೆ ಯಾರಿಗೂ ಹೊಟ್ಟೆಕಿಚ್ಚಿಲ್ಲ.

ಬಹುಮಾನಕ್ಕಾಗಿಯೇ ಕೆಲಸ ಹುಟ್ಟಿದಾಗ ಕೆಡುತ್ತದೆ. 2016ರಲ್ಲಿ ಗ್ರೇ ಅನ್ನೋ ಏಜೆನ್ಸಿಯ ಸಿಂಗಾಪುರ ಕಚೇರಿ 'ಐ ಸೀ' ಅನ್ನೋ ಮೊಬೈಲ್ ಆ್ಯಪ್ ಮಾಡಿತು. ಸಮುದ್ರದಲ್ಲಿ ಸಿಕ್ಕಿಕೊಂಡ ನಿರಾಶ್ರಿತರ ದೋಣಿಗಳನ್ನು ಉಪಗ್ರಹದ ಚಿತ್ರದಲ್ಲಿ ಯಾರು ಬೇಕಾದರೂ ಫೋನಿನಲ್ಲೇ ನೋಡಿ ಗುರುತಿಸಬಹುದು, ರಕ್ಷಣೆಯವರಿಗೆ ತಿಳಿಸಬಹುದು ಅಂತ ಹೇಳಿದರು. ಕಾನ್‌ನಲ್ಲಿ ಕಂಚಿನ ಸಿಂಹ ಸಿಕ್ಕಿತು. ಆದರೆ ಪರೀಕ್ಷೆ ಮಾಡಿದವರಿಗೆ ಕಂಡದ್ದು ಆ ಹೊತ್ತಿನ ಸಮುದ್ರ ಅಲ್ಲ, ಬದಲಾಗದ ಒಂದು ಚಿತ್ರ. ಆ್ಯಪಲ್ ಕಂಪನಿ ಅದನ್ನು ತನ್ನ ಅಂಗಡಿಯಿಂದ ತೆಗೆದುಹಾಕಿತು. ಕೊನೆಗೆ ಏಜೆನ್ಸಿ ಪ್ರಶಸ್ತಿ ವಾಪಸ್ ಕೊಟ್ಟಿತು. ಮುಳುಗುವವರ ಹೆಸರಿನಲ್ಲಿ ಪ್ರಶಸ್ತಿ ಬಂತು, ಹೋಯಿತು. ಮುಳುಗುವವರಿಗೆ ಏನೂ ಬರಲಿಲ್ಲ.

ನಮ್ಮ ಕಾನೂನಿಗೂ ಈ ವ್ಯತ್ಯಾಸ ಗೊತ್ತಿದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಸಿಎಸ್ಆರ್ ಅನ್ನೋದು ಇದನ್ನೇ. 2021ರ ತಿದ್ದುಪಡಿ ನಿಯಮದಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ: ತನ್ನ ಸರಕಿನ ಮಾರಾಟಕ್ಕೆ ಲಾಭ ಆಗಲಿ ಅಂತ ಪ್ರಾಯೋಜಿಸಿದ ಕೆಲಸ ಸಿಎಸ್ಆರ್ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಸೇವೆ ಬೇರೆ, ಪ್ರಚಾರ ಬೇರೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಬಾರದು.

ಅವರ ಕಡೆಯ ಮಾತೂ ಕೇಳೋಣ

ನಮ್ಮ ಜೊತೆ ಪತ್ರಿಕೋದ್ಯಮ ಓದಿದ ಕೆಲವರು ಇವತ್ತು ಬೆಂಗಳೂರಿನ ಏಜೆನ್ಸಿಗಳಲ್ಲಿ ಬರೆಯುವ ಕೆಲಸದಲ್ಲಿದ್ದಾರೆ. ಅವರಿಗೆ ಫೋನ್ ಮಾಡಿ ಕೇಳಿದೆವು. ಅವರು ಹೇಳಿದ್ದರಲ್ಲಿ ನ್ಯಾಯ ಇದೆ.

'ಈ ಪುಕ್ಕಟೆ ಕೆಲಸ ಬರೋದು ನಮ್ಮಂಥ ಕಿರಿಯರ ತಲೆ ಮೇಲೆ. ದಿನದ ಕೆಲಸ ಮುಗಿಸಿ ರಾತ್ರಿ, ಭಾನುವಾರ ಮಾಡಬೇಕು. ಹಳ್ಳಿಗೆ ಎರಡನೇ ಸಲ ಹೋಗ್ತೀನಿ ಅಂದ್ರೆ ರಜೆ ಕೊಡಲ್ಲ' ಅಂದರು ಒಬ್ಬರು. 'ಸೇವಾ ಸಂಸ್ಥೆಯವರೂ ಪುಕ್ಕಟೆ ಅಂತ ಹತ್ತು ಸಲ ಬದಲಾಯಿಸಿ ಅಂತಾರೆ, ಏನು ಬೇಕು ಅಂತ ಅವರಿಗೇ ಗೊತ್ತಿರಲ್ಲ' ಅಂದರು ಇನ್ನೊಬ್ಬರು.

ಒಪ್ಪಿಕೊಳ್ಳುತ್ತೇವೆ. ಅದಕ್ಕೇ ನಾವು ಆ ಹುಡುಗರಿಗೆ ಹೇಳುತ್ತಿಲ್ಲ, ಅವರ ಮೇಲಿನವರಿಗೆ ಹೇಳುತ್ತಿದ್ದೇವೆ. ಕಂಪನಿ ಸೇವೆ ಮಾಡುತ್ತದೆ ಅಂದರೆ ಕಂಪನಿಯ ಹೊತ್ತಿನಲ್ಲಿ, ಕಂಪನಿಯ ಸಂಬಳದಲ್ಲಿ ಮಾಡಲಿ. ಕಿರಿಯರ ನಿದ್ದೆಯನ್ನು ದಾನ ಕೊಟ್ಟು ದೊಡ್ಡವರು ಪುಣ್ಯ ಪಡೆಯೋದು ಬೇಡ. ಹತ್ತು ಊರಿಗೆ ಒಂದೊಂದು ದಿನ ಬರುವ ಬದಲು ಒಂದೇ ಊರಿಗೆ ಹತ್ತು ಸಲ ಬನ್ನಿ.

ನಮ್ಮ ತಪ್ಪೂ ಇದೆ. ಕ್ಯಾಮೆರಾ ಕಂಡ ಕೂಡಲೇ ನಾವು ಹೇಳಿದ ಹಾಗೆ ಕೂರುತ್ತೇವೆ. ಇಂಗ್ಲಿಷ್ ಕಾಗದಕ್ಕೆ ಓದದೆ ಸಹಿ ಹಾಕುತ್ತೇವೆ. 'ದೊಡ್ಡವರು, ಏನೋ ಒಳ್ಳೇದೇ ಮಾಡ್ತಾರೆ' ಅಂತ ಸುಮ್ಮನಿರುತ್ತೇವೆ.

ಮುಂದಿನ ಸಲ ಬಂದಾಗ ಕೇಳಿ

ಓದುಗರೇ, ನಿಮ್ಮ ಸಂಘಕ್ಕೋ ಶಾಲೆಗೋ ಯಾರಾದರೂ ಹೀಗೆ ಬಂದರೆ, ಮೊದಲು ಚಹಾ ಕೊಡಿ. ಆಮೇಲೆ ಈ ಐದು ಮಾತು ಕೇಳಿ.

1. ಇದನ್ನು ಯಾರಿಗೆ ತೋರಿಸುತ್ತೀರಿ? ನಮ್ಮ ಸರಕು ಕೊಳ್ಳುವವರಿಗೋ, ನಿಮ್ಮ ಬಹುಮಾನದವರಿಗೋ?

2. ಹೊರಗೆ ಬಿಡುವ ಮುಂಚೆ ನಮಗೆ ತೋರಿಸುತ್ತೀರಾ? ಬೇಡ ಅಂದ ಚಿತ್ರ ತೆಗೆಯುತ್ತೀರಾ? ಸಹಿ ಹಾಕುವ ಕಾಗದ ಕನ್ನಡದಲ್ಲಿ ಕೊಡಿ.

3. ನಮ್ಮ ಊರ ಹೆಸರು, ಫೋನ್ ನಂಬರ್ ಎಲ್ಲಿ ಬರುತ್ತದೆ?

4. ಇದರ ಹಿಂದೆ ಯಾವ ಕಂಪನಿ ಇದೆ? ಅದರ ಹೆಸರು ಎಲ್ಲೆಲ್ಲಿ ಬರುತ್ತದೆ?

5. ನೀವು ಹೋದ ಮೇಲೆ ಫೈಲು ನಮ್ಮ ಹತ್ತಿರ ಇರುತ್ತದಾ? ಮತ್ತೆ ಯಾವಾಗ ಬರುತ್ತೀರಿ?

ಕೊನೆಯದು ಸಣ್ಣದು ಅನ್ನಿಸಬಹುದು. ಲೇಬಲ್ಲಿನ ಫೈಲು ಅವರ ಕಂಪ್ಯೂಟರಿನಲ್ಲೇ ಉಳಿದರೆ, ಬೆಲೆ ಬದಲಾದಾಗ ತಾಲೂಕಿನ ಪ್ರೆಸ್ಸಿನವನು ಏನೂ ಮಾಡಲಾಗುವುದಿಲ್ಲ. ಮತ್ತೆ ಬೆಂಗಳೂರಿನ ಕಡೆ ಕೈಚಾಚಬೇಕು.

ಇಷ್ಟು ಕೇಳಿದ್ದಕ್ಕೆ ಸಿಟ್ಟಾಗಿ ಹೋದರೆ ಹೋಗಲಿ ಬಿಡಿ. ನಿಜವಾಗಿ ಕೆಲಸ ಮಾಡಲು ಬಂದವರು ಕೂತು ಉತ್ತರ ಹೇಳುತ್ತಾರೆ.

ಹಾಗೆ ಕೂತವನೊಬ್ಬ ಇದ್ದಾನೆ. ಕೊಪ್ಪಳ ಕಡೆಯ ಆ ಸಂಘಕ್ಕೆ ಬಂದಿದ್ದ ಹುಡುಗರಲ್ಲೇ ಒಬ್ಬ. ಅಜ್ಜಿಯ ಮಾತು ಅವನಿಗೆ ಹೇಗೋ ಮುಟ್ಟಿತು. ಒಂದು ಭಾನುವಾರ ಕ್ಯಾಮೆರಾ ಇಲ್ಲದೆ, ಕೆಂಪು ಬಸ್ಸಿನಲ್ಲಿ ಒಬ್ಬನೇ ಬಂದ. "ಅಕ್ಕಾ, ತಪ್ಪಾಯ್ತು. ಈಗ ಹೇಳ್ರಿ, ಏನು ಬೇಕು?" ಅಂದ.

ಲೆಕ್ಕ ಬರೆಯುವ ಅಕ್ಕ ಹೇಳಿದಳು: "ಚೀಟಿ ಬೇಕು ತಮ್ಮಾ. ರೊಟ್ಟಿ ಪಾಕೀಟಿನ ಮ್ಯಾಲೆ ಅಂಟಿಸೋ ಚೀಟಿ."

ಅವನು ದಿನವಿಡೀ ಕೂತು ಬರೆದ. ಮೇಲೆ ಸಂಘದ ಹೆಸರು, ಊರು. ಒಳಗೆ ಎಷ್ಟು ರೊಟ್ಟಿ, ಎಷ್ಟು ತೂಕ, ಮಾಡಿದ ದಿನ, ಎಷ್ಟು ದಿನ ಕೆಡುವುದಿಲ್ಲ, ಬೆಲೆ, ಆಹಾರ ಇಲಾಖೆಯ ನೋಂದಣಿಯ 14 ಅಂಕಿ, ಹಸಿರು ಚುಕ್ಕೆ. ಕೆಳಗೆ ಎಲ್ಲಕ್ಕಿಂತ ದೊಡ್ಡದಾಗಿ ಫೋನ್ ನಂಬರ್. ತಾಲೂಕಿನ ಪ್ರೆಸ್ಸಿನಲ್ಲಿ ಕಡಿಮೆ ಖರ್ಚಿಗೆ ಆಗಲಿ ಅಂತ ಒಂದೇ ಬಣ್ಣ. ಫೈಲನ್ನು ಅಕ್ಕನ ಫೋನಿಗೇ ಹಾಕಿಕೊಟ್ಟ. ಚಿತ್ರ ಒಂದೂ ಇಲ್ಲ.

ಅದಕ್ಕೆ ಯಾವ ಬಹುಮಾನವೂ ಬರಲಿಲ್ಲ. ಚೀಟಿ ನೋಡಿ ಮೊದಲ ಫೋನ್ ಹುಬ್ಬಳ್ಳಿಯಿಂದ ಬಂತು. ಮದುವೆ ಮನೆಯವರು, ರೊಟ್ಟಿ ಎಷ್ಟು ಕೊಡ್ತೀರಿ ಅಂತ ಕೇಳಿದರು.

ಹುಡುಗ ಊರಿಗೆ ಹೊರಟಾಗ ಅಜ್ಜಿ ಅವನ ಚೀಲಕ್ಕೆ ಇಪ್ಪತ್ತು ರೊಟ್ಟಿ ಹಾಕಿದಳು. ಅವನು ದುಡ್ಡು ತೆಗೆದ. ಅಜ್ಜಿ ಕೈ ತಡೆದಳು.

"ಇಡು ತಮ್ಮಾ. ನೀ ನಮ್ಮ ಹೊಲಕ್ಕ ಬಂದಿದ್ದಿ, ಇದು ನಿನ್ನ ಮುಯ್ಯಿ" ಅಂದಳು.